ಮೂರು ವಾರದ ಸಬ್ ರಿಜಿಸ್ಟ್ರಾರ್

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇದರೊಳಗಿನ ಪ್ರೌಢಶಾಲೆಗಳಲ್ಲೇ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಈಗಲೂ ಭಾಷಣ ಸ್ಪರ್ಧೆ, ಚರ್ಚಾ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಕರೆಯುತ್ತಾರೆ, ಹೋಗುತ್ತೇನೆ. ಹಾಗೆ ಹೋಗಿದ್ದ ಒಂದು ಚರ್ಚಾ ಸ್ಪರ್ಧೆಯಲ್ಲಿ ಕೊಟ್ಟ ವಿಷಯ ಇದು: ಜನಪ್ರಿಯತೆ ಇದೆ, ಆಡಳಿತದ ಅನುಭವ ಇಲ್ಲ, ಅಂಥವರು ಅತ್ಯುನ್ನತ ಹುದ್ದೆಗೆ ಸ್ಪರ್ಧಿಸಬಹುದೇ?

ಶಿರಾ ಕಡೆಯ ಹುಡುಗನೊಬ್ಬ ಕೂಡದು ಎಂದು ವಾದಿಸಿದ. ನೆರೆಯ ಆಂಧ್ರದಲ್ಲಿ ಸಿನಿಮಾ ನಟರೊಬ್ಬರು ಮುಖ್ಯಮಂತ್ರಿಯಾದ ತಿಂಗಳೊಪ್ಪತ್ತಿನಲ್ಲೇ ಸಾವಿರಾರು ನೌಕರರನ್ನು ಮನೆಗೆ ಕಳಿಸಿದರು ಎಂದು ಉದಾಹರಣೆ ಕೊಟ್ಟ. ಮಾತು ಖಚಿತವಾಗಿತ್ತು, ಇಸವಿ ಸರಿಯಾಗಿತ್ತು. ಪಾವಗಡ ತಾಲ್ಲೂಕಿನ ಹುಡುಗಿಯೊಬ್ಬಳು ಎದ್ದು ಅದೇ ನಟನ ಹೆಸರು ಹೇಳಿ ಎದುರು ವಾದ ಹೂಡಿದಳು. "ನಮ್ಮವ್ವನಿಗೆ ಹೊಲ ಬಂದದ್ದೇ ಎನ್.ಟಿ.ಆರ್. ಇದ್ದಾಗ, ಅವರು ಮಾಡಿದ ಕಾನೂನಿನಿಂದ. ಅವರಿಗಿಂತ ಮೊದಲು ಅನುಭವ ಇದ್ದವರು ಎಷ್ಟು ಜನ ಕೂತಿದ್ದರು ಆ ಕುರ್ಚಿಯಲ್ಲಿ? ಯಾರೂ ಕೊಡಲಿಲ್ಲ" ಎಂದಳು. ಆಧಾರ ಏನಮ್ಮ ಎಂದು ಕೇಳಿದೆ. "ಅವ್ವ ಹೇಳಿದ್ದು ಸಾರ್" ಎಂದಳು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂಬತ್ತನೇ ತರಗತಿಯ ಹುಡುಗಿ. ಇವಳ ತಾಯಿ ಎನ್.ಟಿ. ರಾಮರಾವ್ ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ ಇನ್ನೂ ಹುಟ್ಟಿರಲಾರಳು, ಹುಟ್ಟಿದ್ದರೂ ತೊಟ್ಟಿಲಲ್ಲಿರಬೇಕು. ಆಧಾರಕ್ಕೆಂದು ಮೀಸಲಿದ್ದ ಹತ್ತು ಅಂಕದಲ್ಲಿ ಎರಡು ಹಾಕಿದೆ. ಹುಡುಗನಿಗೆ ಮೊದಲ ಬಹುಮಾನ ಬಂತು.

ಮನೆಗೆ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಪಾವಗಡದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಕನ್ನಡದಲ್ಲಿ ಅವ್ವ ಎಂದರೆ ತಾಯಿ. ಆ ಕಡೆಯ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ.

ಅಲ್ಲಿಂದ ಶುರುವಾಯಿತು ಈ ಹುಡುಕಾಟ. ಹುಡುಗಿ ಹೇಳಿದ್ದು ನಿಜವೋ ಅಲ್ಲವೋ ಎನ್ನುವಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಒಂದು ಕಾಗದ ಇನ್ನೊಂದನ್ನು ಕೇಳುತ್ತಾ ಹೋಯಿತು.

ಮೊದಲು ಹುಡುಗನ ಮಾತನ್ನೇ ಪರೀಕ್ಷೆಗೆ ಹಿಡಿದೆ. ಮಧುಗಿರಿಯಲ್ಲಿ ನನಗೆ ಬಹುಕಾಲದಿಂದ ಪರಿಚಯವಿರುವ ವಕೀಲರೊಬ್ಬರ ಕಚೇರಿಯಲ್ಲಿ ಎ.ಐ.ಆರ್. ಎಂಬ ತೀರ್ಪು ವರದಿಗಳ ಸಂಪುಟಗಳ ಸಾಲೇ ಇದೆ. 1985ರ ಸುಪ್ರೀಂ ಕೋರ್ಟ್ ಸಂಪುಟ ತೆಗೆದು ಕೊಟ್ಟರು. ಅದರ 551ನೇ ಪುಟದಲ್ಲಿದೆ ಕೆ. ನಾಗರಾಜ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಮೊಕದ್ದಮೆ. ರಾಮರಾವ್ ಪ್ರಮಾಣವಚನ ಸ್ವೀಕರಿಸಿದ್ದು 1983ರ ಜನವರಿ 9ರಂದು. ಸರಿಯಾಗಿ ಒಂದು ತಿಂಗಳಿಗೆ, ಫೆಬ್ರುವರಿ 8ರಂದು, ಸರ್ಕಾರಿ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 55ಕ್ಕೆ ಇಳಿಸುವ ಆದೇಶ ಹೊರಬಿತ್ತು. ಆಗಲೇ 55 ದಾಟಿದ್ದವರೆಲ್ಲ ಆ ತಿಂಗಳ ಕೊನೆಗೇ ಮನೆಗೆ ಹೋಗಬೇಕಾಯಿತು. ತೀರ್ಪಿನಲ್ಲಿರುವ ಲೆಕ್ಕದಂತೆ 18 ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಗಳ 10 ಸಾವಿರ ನೌಕರರು. ಫೆಬ್ರುವರಿ ಒಂದರಂದು ಮಗಳ ಮದುವೆಗೆ ಸಾಲ ಮಾಡಿದ್ದವನು 28ರಂದು ಪಿಂಚಣಿದಾರ. ಯುವಕರಿಗೆ ಕೆಲಸ ಸಿಗಲಿ ಎನ್ನುವುದು ಉದ್ದೇಶವಾಗಿತ್ತು. ವಯಸ್ಸು ಇಳಿಸುವ ಅಧಿಕಾರ ಸರ್ಕಾರಕ್ಕಿದೆ ಎಂದೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೆ ಆ ತೀರ್ಪು ಬರುವ ಹೊತ್ತಿಗೆ ವಯಸ್ಸು ಮತ್ತೆ 58ಕ್ಕೆ ಏರಿಯಾಗಿತ್ತು. ನಡುವೆ ಸಿಕ್ಕಿಕೊಂಡು ಕೆಲಸ ಕಳೆದುಕೊಂಡವರು ಇನ್ನೊಮ್ಮೆ ಕೋರ್ಟಿಗೆ ಹೋದರು. 1985ರ ಆಗಸ್ಟ್‌ನಲ್ಲಿ ಬಿ. ಪ್ರಭಾಕರರಾವ್ ಪ್ರಕರಣದಲ್ಲಿ ಅವರ ಪರವಾಗಿ ತೀರ್ಪು ಬಂತು.

ಹುಡುಗ ಹೇಳಿದ್ದು ಅಕ್ಷರಶಃ ನಿಜ. ಹತ್ತು ವರ್ಷ ಮಂತ್ರಿಯಾಗಿದ್ದವನು ಯಾವನೂ ಕುರ್ಚಿ ಹತ್ತಿದ ತಿಂಗಳಿಗೆ ಇಂಥ ಆದೇಶಕ್ಕೆ ಸಹಿ ಹಾಕುತ್ತಿರಲಿಲ್ಲ. ಮುಂದೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿರುತ್ತಿತ್ತು. ಸಂಪುಟ ಮುಚ್ಚುವಾಗ ನನ್ನ ತೀರ್ಪು ಸರಿಯಾಗಿಯೇ ಇತ್ತು ಅನ್ನಿಸಿತು.

ಆದರೆ ವಕೀಲರು ಅದೇ ಸಂಪುಟದ 724ನೇ ಪುಟ ತೆಗೆದು, "ಇದನ್ನೂ ಓದಿಬಿಡಿ ಮೇಷ್ಟ್ರೇ" ಎಂದರು. ಟಿ. ವೆಂಕಟರೆಡ್ಡಿ ಮತ್ತು ಆಂಧ್ರಪ್ರದೇಶ ಸರ್ಕಾರ. 1984ರ ಜನವರಿಯಲ್ಲಿ ರಾಮರಾವ್ ಸರ್ಕಾರ ಒಂದು ಸುಗ್ರೀವಾಜ್ಞೆ ತಂದು ಊರೂರಿನ ಕರಣಂ, ಮುನಸೀಬರ ಹುದ್ದೆಗಳನ್ನು ಒಂದೇ ಏಟಿಗೆ ರದ್ದು ಮಾಡಿತು. ತಲೆತಲಾಂತರದಿಂದ ಒಂದೇ ಮನೆಯಲ್ಲಿ ಉಳಿದುಬಂದಿದ್ದ ಗ್ರಾಮದ ಲೆಕ್ಕಪತ್ರ ಅಂದು ಕೈ ಬದಲಾಯಿತು. ಕೋರ್ಟು ಅದನ್ನು ಎತ್ತಿಹಿಡಿಯಿತು.

ಇದರ ತೂಕ ತಿಳಿಯಬೇಕಾದರೆ ನಮ್ಮ ಗಡಿಯನ್ನು ನೋಡಬೇಕು. ಮಧುಗಿರಿಯಿಂದ ಮಿಡಿಗೇಶಿ ದಾಟಿ ಪಾವಗಡಕ್ಕೆ ಹೋಗುವ ಬಸ್ಸು ನಡುವೆ ಆಂಧ್ರದೊಳಗೆ ಹೊಕ್ಕು ಹೊರಬರುತ್ತದೆ. ಅದು ಮಡಕಶಿರಾ ಸೀಮೆ. ನಮ್ಮ ಜಿಲ್ಲೆಯ ಮೈಗೆ ಬೆರಳು ಚಾಚಿದಂತೆ ಬಂದಿರುವ ಆ ಭಾಗ ಹಿಂದೆ ಮದ್ರಾಸ್ ಪ್ರಾಂತ್ಯದ್ದು, 1953ರಿಂದ ಆಂಧ್ರದ್ದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯದು. ಅಲ್ಲಿ ಕನ್ನಡ ಮನೆಗಳು ಬೇಕಾದಷ್ಟು, ನಮ್ಮ ಪಾವಗಡದಲ್ಲಿ ತೆಲುಗು ಮನೆಗಳು ಬೇಕಾದಷ್ಟು. ಹೆಣ್ಣು ಕೊಡುವುದು, ತರುವುದು ಎರಡೂ ಕಡೆಗೂ ಇದೆ. ನಮ್ಮ ಕಡೆ ಶಾನುಭೋಗ, ಪಟೇಲರ ವಂಶಪಾರಂಪರ್ಯವನ್ನು 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ತೆಗೆದುಹಾಕಿತು. 1963ರ ಫೆಬ್ರುವರಿ 1ರಿಂದ ಅದು ಜಾರಿ. ಪಾವಗಡದ ರೈತ ಗ್ರಾಮಲೆಕ್ಕಿಗನ ಹತ್ತಿರ ಪಹಣಿ ಕೇಳಲು ಶುರು ಮಾಡಿ ಇಪ್ಪತ್ತು ವರ್ಷ ಕಳೆದರೂ, ಬದುವಿನ ಆಚೆಗಿದ್ದ ಅವನ ಬೀಗರು ಅಡಂಗಲ್‌ಗಾಗಿ ಕರಣಂ ಮನೆ ಜಗುಲಿಯಲ್ಲೇ ಕಾಯುತ್ತಿದ್ದರು. ಆ ಇಪ್ಪತ್ತು ವರ್ಷ ಹೈದರಾಬಾದಿನಲ್ಲಿ ಆಳಿದವರೆಲ್ಲ ಅನುಭವಸ್ಥರೇ. ಅವರಿಗೆ ಕರಣಂ ಬೇಕಾಗಿದ್ದ. ಊರಿನ ವೋಟು ಅವನ ಜಗುಲಿಯಿಂದಲೇ ಬರುತ್ತಿತ್ತು. ರಾಮರಾವ್‌ಗೆ ಅವನ ಹಂಗಿರಲಿಲ್ಲ. ಚೈತನ್ಯ ರಥ ಎಂದು ಹೆಸರಿಟ್ಟ ಹಳೆಯ ವ್ಯಾನಿನ ಮೇಲೆ ನಿಂತು ನೇರವಾಗಿ ಜನರ ಹತ್ತಿರ ವೋಟು ಕೇಳಿದವರು ಅವರು.

ಅನುಭವದ ಬಗ್ಗೆ ಯೋಚಿಸುವಾಗ ಇದನ್ನು ನಾವು ಮರೆಯುತ್ತೇವೆ. ಅನುಭವಸ್ಥನ ಹತ್ತಿರ ತಿಳುವಳಿಕೆಯೂ ಇರುತ್ತದೆ, ಋಣವೂ ಇರುತ್ತದೆ.

ಹಾಗಾದರೆ ರಾಮರಾವ್‌ಗೆ ಸರ್ಕಾರದ ಅನುಭವ ಎಂಬುದು ಎಷ್ಟಿತ್ತು? ಹುಡುಕಿದರೆ ಸಿಗುವುದು ಒಂದೇ ಒಂದು. 1947ರಲ್ಲಿ ಮದ್ರಾಸ್ ಸೇವಾ ಆಯೋಗದ ಪರೀಕ್ಷೆ ಪಾಸು ಮಾಡಿ ಗುಂಟೂರು ಜಿಲ್ಲೆಯಲ್ಲಿ ಸಬ್ ರಿಜಿಸ್ಟ್ರಾರ್ ಆಗಿ ಸೇರಿದರು. ಮೂರು ವಾರಕ್ಕೆ ಕೆಲಸ ಬಿಟ್ಟು ಸಿನಿಮಾಕ್ಕೆ ಹೋದರು. 1949ರಲ್ಲಿ ಮೊದಲ ಚಿತ್ರ 'ಮನ ದೇಶಂ'. ಮುಂದಿನ ಮೂವತ್ತು ವರ್ಷ ರಾಮ, ಕೃಷ್ಣ, ದುರ್ಯೋಧನ. 1982ರ ಮಾರ್ಚ್ 29ರಂದು ಪಕ್ಷ ಕಟ್ಟಿದರು, ಒಂಬತ್ತು ತಿಂಗಳಿಗೆ ಮುಖ್ಯಮಂತ್ರಿ. ಮೊದಲ ಸಲ ಶಾಸಕರಾದವರು ಮೊದಲ ದಿನವೇ ಮುಖ್ಯಮಂತ್ರಿ.

ಅವರು ಪ್ರಮಾಣ ಮಾಡಿದ ಮರುದಿನ, ಅಂದರೆ 1983ರ ಜನವರಿ 10ರಂದು, ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆ ಪ್ರಮಾಣ ಮಾಡಿದರು. ಚುನಾವಣೆ ಎರಡೂ ಕಡೆ ಒಂದೇ ಹೊತ್ತಿಗೆ ನಡೆದಿತ್ತು, ಎರಡೂ ಕಡೆ ಮೊದಲ ಬಾರಿಗೆ ಕಾಂಗ್ರೆಸ್ ಸೋತಿತ್ತು. ನಿಜಲಿಂಗಪ್ಪ, ವೀರೇಂದ್ರ ಪಾಟೀಲರ ಸಂಪುಟಗಳಲ್ಲಿ ಪಳಗಿ, ಹಣಕಾಸು ಖಾತೆಯನ್ನು ಅರೆದು ಕುಡಿದಿದ್ದ ಹೆಗಡೆ ಇತ್ತ. ಮೂರು ವಾರದ ಸಬ್ ರಿಜಿಸ್ಟ್ರಾರ್ ಅತ್ತ. ಹುಡುಗಿಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಎಲ್ಲಿ ಸಿಗಬೇಕು? ಆ ತಕ್ಕಡಿಯ ಮುಳ್ಳು ಇರುವುದೇ ನಮ್ಮ ನಾಲ್ಕು ತಾಲ್ಲೂಕಿನ ಗಡಿಯಲ್ಲಿ. ಏಕೆಂದರೆ 1985ರಲ್ಲಿ ರಾಮರಾವ್ ಮೂರು ಕ್ಷೇತ್ರಗಳಲ್ಲಿ ನಿಂತು ಮೂರರಲ್ಲೂ ಗೆದ್ದು, ಕೊನೆಗೆ ಉಳಿಸಿಕೊಂಡದ್ದು ಹಿಂದೂಪುರವನ್ನು. ಕೊಡಿಗೇನಹಳ್ಳಿಯವರು ಸಂತೆಗೆ, ಸಿನಿಮಾಕ್ಕೆ ಹೋಗುವ ಹಿಂದೂಪುರ ಅದೇ. 1989ರಲ್ಲೂ 1994ರಲ್ಲೂ ಅಲ್ಲಿಂದಲೇ ಗೆದ್ದರು. ಸಾಯುವವರೆಗೆ ಅಲ್ಲಿನ ಶಾಸಕರು.

ಹೆಗಡೆಯವರ ಅನುಭವ ಎಂಥದ್ದು ಎಂದು ತೋರಿಸುವುದು 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಕಾಯ್ದೆ. ಅಬ್ದುಲ್ ನಜೀರ್‌ಸಾಬ್ ಅದರ ಹಿಂದಿನ ಶಕ್ತಿ. ರಾಷ್ಟ್ರಪತಿಗಳ ಅಂಕಿತಕ್ಕೆ 1985ರವರೆಗೆ ಕಾದರು, 1987ರ ಜನವರಿಯಲ್ಲಿ ಚುನಾವಣೆ ನಡೆಸಿದರು, ಮಹಿಳೆಯರಿಗೆ ಕಾಲು ಭಾಗ ಮೀಸಲಿಟ್ಟರು. ನಾಲ್ಕು ವರ್ಷ ಹಿಡಿಯಿತು, ಆದರೆ ದೇಶವೇ ಬಂದು ನೋಡಿ ಕಲಿಯಿತು. ಅತ್ತ ರಾಮರಾವ್ 1985ರ ಮೇ ತಿಂಗಳಲ್ಲಿ ತಾಲ್ಲೂಕುಗಳನ್ನೇ ಒಡೆದು ಸಾವಿರಕ್ಕೂ ಹೆಚ್ಚು ಮಂಡಲ ಮಾಡಿದರು. ಒಂದು ಮಡಕಶಿರಾ ತಾಲ್ಲೂಕು ಹೋಗಿ ಮಡಕಶಿರಾ, ಅಮರಾಪುರಂ, ಗುಡಿಬಂಡ, ರೊಳ್ಳ, ಅಗಳಿ ಎಂಬ ಐದು ಮಂಡಲಗಳಾದವು. ಇವತ್ತಿಗೂ ವೈ.ಎನ್. ಹೊಸಕೋಟೆಯವನು, ನಾಗಲಮಡಿಕೆಯವನು ತಾಲ್ಲೂಕು ಕಚೇರಿಗೆಂದು ಪಾವಗಡಕ್ಕೇ ಬರಬೇಕು. ರೊಳ್ಳದವನಿಗೆ ತಹಶೀಲ್ದಾರ್ ಕಚೇರಿ ರೊಳ್ಳದಲ್ಲೇ ಇದೆ. ನಮ್ಮ ಮಂಡಲ ಪಂಚಾಯತಿ 1993ರ ಕಾಯ್ದೆ ಬಂದಾಗ ಹೋಯಿತು. ಅವರ ಮಂಡಲ ಉಳಿದಿದೆ.

ಒಬ್ಬರನ್ನು ಏರಿಸಿ ಒಬ್ಬರನ್ನು ಇಳಿಸಲು ಇದನ್ನು ಹೇಳುತ್ತಿಲ್ಲ. 1984ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ರಾಮರಾವ್ ಬರುವಷ್ಟರಲ್ಲಿ ಅವರದೇ ಮಂತ್ರಿ ನಾದೆಂಡ್ಲ ಭಾಸ್ಕರರಾವ್ ಪಕ್ಷ ಒಡೆದಿದ್ದರು. ರಾಜ್ಯಪಾಲ ರಾಮ್‌ಲಾಲ್ ಆಗಸ್ಟ್ 16ರಂದು ಸರ್ಕಾರವನ್ನು ವಜಾ ಮಾಡಿದರು. ಮನೆಯೊಳಗಿನ ಬಿರುಕನ್ನು ಕಾಣದಿದ್ದದ್ದು ಅನನುಭವವೇ. ಆಗ ರಾಮರಾವ್ ಪರ ಇದ್ದ ಶಾಸಕರಿಗೆ ಆಸರೆ ಕೊಟ್ಟು ಕಾಪಾಡಿದ್ದು ಕರ್ನಾಟಕ, ಹೆಗಡೆ ಸರ್ಕಾರ. ಒಂದು ತಿಂಗಳಿಗೆ, ಸೆಪ್ಟೆಂಬರ್ 16ರಂದು, ರಾಮರಾವ್ ಮತ್ತೆ ಮುಖ್ಯಮಂತ್ರಿ. ಅದೇ ಹೆಗಡೆಯವರು 1988ರಲ್ಲಿ ದೂರವಾಣಿ ಕದ್ದಾಲಿಕೆ ಆರೋಪದ ಮೇಲೆ ರಾಜೀನಾಮೆ ಕೊಡಬೇಕಾಯಿತು. ಅಷ್ಟು ಅನುಭವ ಇದ್ದವರಿಗೂ ಆ ಗುಂಡಿ ಕಾಣಲಿಲ್ಲ.

ಇನ್ನು ಹುಡುಗಿಯ ಅವ್ವನ ಹೊಲ.

ಕಾಯ್ದೆ ಸಿಗುವುದು ಕಷ್ಟವಾಗಲಿಲ್ಲ. ಹಿಂದೂ ಉತ್ತರಾಧಿಕಾರ ಆಂಧ್ರಪ್ರದೇಶ ತಿದ್ದುಪಡಿ ಕಾಯ್ದೆ, 1986. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದ ಎಷ್ಟು ಹಕ್ಕೋ ಮಗಳಿಗೂ ಅಷ್ಟೇ ಎಂದು ಹೇಳುವ ಕಾಯ್ದೆ. ಇಸವಿ 1986 ಆದರೂ ಜಾರಿಯ ದಿನ 1985ರ ಸೆಪ್ಟೆಂಬರ್ 5. ಅದರಲ್ಲೊಂದು ಕೊಕ್ಕೆ ಇದೆ: ಆ ದಿನಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಈ ಹಕ್ಕಿಲ್ಲ. ಹಾಗಾಗಿ ಹುಡುಗಿಯ ಮಾತು ನಿಜವೋ ಸುಳ್ಳೋ ಎಂದು ಹೇಳಬೇಕಾದದ್ದು ಅವಳ ಅವ್ವನ ಲಗ್ನಪತ್ರಿಕೆ.

ಅವಳ ಶಾಲೆಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ಜೊತೆ ಒಂದು ಭಾನುವಾರ ಊರಿಗೆ ಹೋದೆ. ಅಂಗಳದಲ್ಲಿ ಕಡಲೆಕಾಯಿ ಹರಡಿತ್ತು. ಅಜ್ಜಿಗೆ ಅರವತ್ತರ ಹತ್ತಿರ. "ಬನ್ನಿ ಮೇಷ್ಟ್ರೇ, ಕುತ್ಕಳಿ. ನಮ್ಮ ಹುಡುಗಿ ಏನಾರ ತಪ್ಪು ಮಾತಾಡಿದ್ಲಾ?" ಎಂದರು. ಇಲ್ಲಮ್ಮ, ತಪ್ಪು ನನ್ನದೇ ಇರಬೇಕು, ಅದನ್ನು ನೋಡೋಣ ಅಂತ ಬಂದೆ ಎಂದೆ.

ಒಳಗಿನಿಂದ ತಗಡಿನ ಟ್ರಂಕು ಬಂತು. ಮೇಲೆ ರೇಷನ್ ಕಾರ್ಡುಗಳು, ಅದರಡಿ ಮಕ್ಕಳ ಅಂಕಪಟ್ಟಿ, ಅದರಡಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳು. ವಿಭಾಗಪತ್ರ ತೆಲುಗಿನಲ್ಲಿದೆ, ಛಾಪಾಕಾಗದದ ಮೇಲೆ. ಮಡಿಕೆಯಲ್ಲಿ ಹರಿದು ಹಿಂದಿನಿಂದ ಅಂಟಿಸಿದ್ದಾರೆ. 1988ನೇ ಇಸವಿಯದು. ಮಡಕಶಿರಾ ಸೀಮೆಯ ಒಂದು ಹಳ್ಳಿಯ 6 ಎಕರೆ 80 ಸೆಂಟು ಖುಷ್ಕಿಯನ್ನು ನಾಲ್ಕು ಭಾಗ ಮಾಡಿದೆ. ತಂದೆಗೊಂದು, ಗಂಡುಮಕ್ಕಳಿಬ್ಬರಿಗೆ ಒಂದೊಂದು, ಕಿರಿಯ ಮಗಳಿಗೆ ಒಂದು. ತಲಾ 1 ಎಕರೆ 70 ಸೆಂಟು. ನಮ್ಮ ಕಡೆ ಗುಂಟೆಯಲ್ಲಿ ಅಳೆಯುತ್ತೇವೆ, ಅವರು ಸೆಂಟಿನಲ್ಲಿ. ಕಿರಿಯ ಮಗಳ ಹೆಸರಿನ ಪಕ್ಕ ಎಡಗೈ ಹೆಬ್ಬೆಟ್ಟಿನ ಗುರುತು. ಅದು ಈ ಅಜ್ಜಿಯದು.

ಸಾಲುಗಳ ನಡುವೆ ಇನ್ನೊಂದು ವಾಕ್ಯವಿತ್ತು. ನನ್ನ ಸಹೋದ್ಯೋಗಿ ಅದನ್ನು ಎರಡು ಸಲ ಓದಿ ಹೇಳಿದರು. ದೊಡ್ಡ ಮಗಳಿಗೆ 1982ರಲ್ಲೇ ಮದುವೆಯಾಗಿರುವುದರಿಂದ ಆಕೆಗೆ ಭಾಗ ಬರುವುದಿಲ್ಲ ಎಂದು ಬರೆದಿದೆ. ಲಗ್ನಪತ್ರಿಕೆಯೂ ಅದೇ ಚೀಲದಲ್ಲಿತ್ತು. ಒಂದು ಮಗ್ಗುಲು ತೆಲುಗು, ಇನ್ನೊಂದು ಮಗ್ಗುಲು ಕನ್ನಡ, ನಾಲ್ಕು ಮೂಲೆಗೆ ಹಚ್ಚಿದ ಅರಿಶಿನ ಮಾಸಿ ಕಂದಾಗಿತ್ತು. ಕಿರಿಯವಳ ಮದುವೆ 1987ರ ವೈಶಾಖದಲ್ಲಿ.

"ಪತ್ರ ಬರಿಯೋನು ಹೇಳ್ದ, ಈಗ ಹೊಸ ಕಾನೂನು ಬಂದೈತೆ, ಹುಡುಗೀನ ಬಿಟ್ಟು ಬರಿಯಂಗಿಲ್ಲ ಅಂತ. ಅಪ್ಪ ಹೂಂ ಅಂದ. ಅಣ್ಣ ಆರು ತಿಂಗಳು ನನ್ನ ಮಾತಾಡಿಸ್ಲಿಲ್ಲ" ಎಂದರು ಅಜ್ಜಿ. ಅಕ್ಕ? "ಅಕ್ಕ ಅವತ್ತು ಏನೂ ಅನ್ಲಿಲ್ಲ. ಅಡಿಗೆ ಮನೇಲಿ ಕುಂತಿದ್ಲು. ವರ್ಷಾ ವರ್ಷಾ ಅವಳ ಮನೆಗೆ ಒಂದು ಚೀಲ ಕಡ್ಲೇಕಾಯಿ ಕಳಿಸ್ತೀನಿ. ನಾನು ಬದುಕಿರೋವರೆಗೂ ಕಳಿಸ್ತೀನಿ."

ಆ ಅಡಿಗೆ ಮನೆಯ ಮಾತು ನನ್ನನ್ನು ಬಹಳ ದಿನ ಕಾಡಿತು. ಒಂದೇ ತಾಯಿ ಹೊಟ್ಟೆಯ ಇಬ್ಬರು ಹೆಣ್ಣುಮಕ್ಕಳು. ಒಂದು ತಾರೀಖು ಒಬ್ಬಳಿಗೆ ಹೊಲ ಕೊಟ್ಟಿತು, ಇನ್ನೊಬ್ಬಳನ್ನು ಅಡಿಗೆ ಮನೆಯಲ್ಲಿ ಕೂರಿಸಿತು.

ಇದೇ ಕಾಯ್ದೆ ನಮ್ಮ ಕಡೆ ಯಾವಾಗ ಬಂತು? ಕರ್ನಾಟಕ ತಿದ್ದುಪಡಿ ಕಾಯ್ದೆಯ ಹೆಸರಿನಲ್ಲಿರುವ ಇಸವಿ 1990. ಅದು 1994ರ 23ನೇ ಕಾಯ್ದೆಯಾಗಿ ಜಾರಿಯಾದದ್ದು 1994ರ ಜುಲೈ 30ರಿಂದ. ಆಂಧ್ರದ ತಾರೀಖಿಗೂ ಇದಕ್ಕೂ ಹೆಚ್ಚೂಕಡಿಮೆ ಒಂಬತ್ತು ವರ್ಷದ ಅಂತರ. ನಮ್ಮದರಲ್ಲೂ ಮೊದಲೇ ಮದುವೆಯಾದವರನ್ನು ಹೊರಗಿಡುವ ಅದೇ ಕೊಕ್ಕೆ. ಅದು ಹೋದದ್ದು 2005ರ ಕೇಂದ್ರ ತಿದ್ದುಪಡಿಯಲ್ಲಿ. 1985ಕ್ಕೂ 1994ಕ್ಕೂ ನಡುವೆ ಮಧುಗಿರಿ, ಪಾವಗಡದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳೆಷ್ಟೋ ಜನ ಬದುವಿನ ಆಚೆ ಹುಟ್ಟಿದ್ದರೆ ಭಾಗದಾರರಾಗುತ್ತಿದ್ದರು. ಇನ್ನೂ ಬೇಸರದ ಮಾತೆಂದರೆ, ಈ ವಿಷಯದಲ್ಲಿ ಹಿಂದೆ ಮುಂದಿದ್ದವರು ನಾವೇ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮಾಡಿತ್ತು. ಅಂಥ ನಾಡು, ಅಂಥ ಅನುಭವಸ್ಥರ ಸಾಲು, ಆದರೂ ತಡವಾಯಿತು.

ಕಾಯ್ದೆಯ ಪುಣ್ಯವನ್ನೆಲ್ಲ ಒಬ್ಬ ರಾಮರಾವ್ ತಲೆಗೆ ಕಟ್ಟುವುದು ಸರಿಯಲ್ಲ ಎಂದು ನನಗೂ ಗೊತ್ತು. ಕರಡು ಬರೆದ ಅಧಿಕಾರಿಗಳಿದ್ದಾರೆ, ಒಪ್ಪಿದ ಸದನವಿದೆ, ಅದಕ್ಕೂ ಹಿಂದೆ ಹಿಂದೂ ಸಂಹಿತೆಗಾಗಿ ಮಂತ್ರಿಗಿರಿಯನ್ನೇ ಬಿಟ್ಟ ಅಂಬೇಡ್ಕರ್ ಇದ್ದಾರೆ. ಆದರೆ ತನ್ನ ಹೆಸರಿನಲ್ಲಿ ತಂದು ಜನರ ಮುಂದೆ ನಿಲ್ಲುವ ಎದೆಗಾರಿಕೆ ಬೇಕಲ್ಲ, ಅದು ಅವರದು.

ನಮ್ಮ ನಾಲ್ಕು ತಾಲ್ಲೂಕಿನ ಚುನಾವಣಾ ಫಲಿತಾಂಶಗಳನ್ನೂ ತಿರುವಿಹಾಕಿದೆ. ಹೊಸಮುಖಗಳಿಗೆ ನಮ್ಮ ಜನ ಬಾಗಿಲು ಹಾಕಿದವರಲ್ಲ. ಅಡಿಲೇಡಿನಲ್ಲಿ ಪಿಎಚ್.ಡಿ. ಮಾಡಿ ಬಂದ ಜಿ. ಪರಮೇಶ್ವರ 1989ರಲ್ಲಿ ಮಧುಗಿರಿಯಲ್ಲಿ ಮೊದಲ ಸಲ ನಿಂತು ಗೆದ್ದರು. 1994ರಲ್ಲಿ ಕ್ಷೇತ್ರ ಜನತಾದಳದ ಗಂಗಹನುಮಯ್ಯನವರ ಕೈಗೆ ಹೋಯಿತು. 1999ರಲ್ಲಿ ಅದೇ ಮಧುಗಿರಿ ಪರಮೇಶ್ವರರನ್ನು 55,802 ಮತಗಳ ಅಂತರದಿಂದ ಗೆಲ್ಲಿಸಿತು. ಆಮೇಲೆ 2013ರಲ್ಲಿ, ಪಕ್ಷದ ರಾಜ್ಯಾಧ್ಯಕ್ಷರಾಗಿ ಇಡೀ ರಾಜ್ಯ ಗೆಲ್ಲಿಸಿ ಮುಖ್ಯಮಂತ್ರಿಯ ಕುರ್ಚಿಗೆ ಹತ್ತಿರವಿದ್ದಾಗ, ಕೊರಟಗೆರೆ ಅವರನ್ನು 18 ಸಾವಿರ ಮತಗಳಿಂದ ಸೋಲಿಸಿತು. ಸಿಲಿಕಾನ್ ವ್ಯಾಲಿಯಿಂದ ಬಂದ ಎಂಜಿನಿಯರ್ ಜನಾರ್ದನಸ್ವಾಮಿಯವರನ್ನು ಶಿರಾ, ಪಾವಗಡ ಸೇರಿದ ಚಿತ್ರದುರ್ಗ ಕ್ಷೇತ್ರ 2009ರಲ್ಲಿ ಲೋಕಸಭೆಗೆ ಕಳಿಸಿತು, 2014ರಲ್ಲಿ ಕೈಬಿಟ್ಟಿತು. ವೈದ್ಯ ರಾಜೇಶ್‌ಗೌಡರು 2020ರ ಶಿರಾ ಉಪಚುನಾವಣೆಯಲ್ಲಿ ಹಳೆಯ ಹುಲಿ ಟಿ.ಬಿ. ಜಯಚಂದ್ರರನ್ನು ಸೋಲಿಸಿದರು. 2023ರಲ್ಲಿ ಜಯಚಂದ್ರರೇ ಮರಳಿದರು. ಇದರಲ್ಲಿ ನನಗೆ ಕಾಣುವುದು ಒಂದು: ನಮ್ಮ ಮತದಾರ ಅನುಭವವನ್ನು ಅರ್ಹತೆ ಎಂದೂ ನೋಡುವುದಿಲ್ಲ, ಅನರ್ಹತೆ ಎಂದೂ ನೋಡುವುದಿಲ್ಲ. ಒಂದು ಅವಧಿ ಕೊಟ್ಟು ನೋಡುತ್ತಾನೆ.

ಕೆಲವರು ನಿಲ್ಲಲೇ ಇಲ್ಲ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ಡಾ. ರಾಜ್‌ಕುಮಾರ್ ಅವರನ್ನು ನಿಲ್ಲಿಸಬೇಕೆಂಬ ಒತ್ತಾಯ ಎಷ್ಟಿತ್ತೆಂದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಅವರು ಒಪ್ಪಲಿಲ್ಲ. ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಂತು 77 ಸಾವಿರ ಮತಗಳಿಂದ ಸೋತರು. ಗೋಕಾಕ್ ಚಳವಳಿಯಾದ ಮೇಲೂ ಅಣ್ಣಾವ್ರು ರಾಜಕೀಯದತ್ತ ತಿರುಗಲಿಲ್ಲ. ಅದು ಸರಿಯೇ ತಪ್ಪೇ ಎಂದು ಅಳೆಯಲು ನನ್ನ ಹತ್ತಿರ ಯಾವ ದಾಖಲೆಯೂ ಇಲ್ಲ. ನಿಲ್ಲದವರ ಕಡತ ಯಾವ ಕಚೇರಿಯಲ್ಲೂ ಇರುವುದಿಲ್ಲ. ಅವರ ನಿರಾಕರಣೆಯಲ್ಲಿ ಒಂದು ಘನತೆ ಇತ್ತು ಎಂದಷ್ಟೇ ಹೇಳಬಲ್ಲೆ.

ಹೊರಗಿನ ದೇಶದ ಉದಾಹರಣೆ ಬೇಕೆನ್ನುವವರಿಗೆ ಅಮೆರಿಕ ಇದೆ. ಸಂಸದ, ಸೆನೆಟರ್, ರಾಯಭಾರಿ, ವಿದೇಶಾಂಗ ಕಾರ್ಯದರ್ಶಿ ಎಲ್ಲವೂ ಆಗಿ ಅಧ್ಯಕ್ಷರಾದವರು ಜೇಮ್ಸ್ ಬುಕಾನನ್. ಅವರ ಕಣ್ಣೆದುರೇ ದೇಶ ಒಡೆಯತೊಡಗಿತು. ಅದನ್ನು ಉಳಿಸಿದ ಲಿಂಕನ್ ಅದಕ್ಕೆ ಮುಂಚೆ ಸಂಸತ್ತಿನಲ್ಲಿದ್ದದ್ದು ಎರಡೇ ವರ್ಷ. ಸೆನೆಟ್ಟಿಗೆ ಬಂದು ಎರಡು ವರ್ಷವಷ್ಟೇ ಆಗಿದ್ದ ಒಬಾಮಾ 2007ರ ಫೆಬ್ರುವರಿಯಲ್ಲಿ ತಮ್ಮ ಸ್ಪರ್ಧೆಯನ್ನು ಘೋಷಿಸಿದ್ದು ಲಿಂಕನ್ ಊರಾದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಿಂತು.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಜನ ಒಪ್ಪಿದವನು ನಿಲ್ಲಲಿ. ಅನುಭವವಿಲ್ಲ ಎಂಬ ಒಂದೇ ಕಾರಣಕ್ಕೆ ಅವನನ್ನು ತಡೆದಿದ್ದರೆ ಆ ಅಜ್ಜಿಯ ಹೆಬ್ಬೆಟ್ಟು ಆ ಪತ್ರದ ಮೇಲೆ ಬೀಳುವುದು ಇನ್ನೆಷ್ಟು ತಡವಾಗುತ್ತಿತ್ತೋ. ಆದರೆ 28 ಸಾವಿರ ಮನೆಗಳನ್ನೂ ಮರೆಯಲಾರೆ. ಅವರಿಗೆ ನ್ಯಾಯ ಸಿಕ್ಕಿದ್ದು ಪ್ರಶ್ನಿಸಲು ಕೋರ್ಟು ಇದ್ದದ್ದರಿಂದ. 1989ರ ಫೆಬ್ರುವರಿಯಲ್ಲಿ ತಮ್ಮ ಇಡೀ ಮಂತ್ರಿಮಂಡಲವನ್ನೇ ಒಂದು ದಿನದಲ್ಲಿ ಕಿತ್ತುಹಾಕಿದ ಅದೇ ರಾಮರಾವ್‌ರನ್ನು ಆ ವರ್ಷದ ಚುನಾವಣೆಯಲ್ಲಿ ಜನ ಅಧಿಕಾರದಿಂದ ಇಳಿಸಿದರು, 1994ರಲ್ಲಿ ಕರೆದು ಕೂರಿಸಿದರು. ಹೊಸಬ ಗದ್ದುಗೆ ಏರುವ ಊರಿನಲ್ಲಿ ಮೊದಲು ಗಟ್ಟಿಯಿರಬೇಕಾದದ್ದು ಕೋರ್ಟು, ಸದನ, ಐದು ವರ್ಷಕ್ಕೊಮ್ಮೆ ತಪ್ಪದೆ ಬರುವ ಚುನಾವಣೆ. ಅವು ಸಡಿಲವಾದರೆ ಐವತ್ತು ವರ್ಷದ ಅನುಭವಸ್ಥನ ಕೈಯಲ್ಲೂ ಕ್ಷೇಮವಿಲ್ಲ.

ಗಡಿಯೂರುಗಳ ಓದುಗರಲ್ಲಿ ಒಂದು ಮನವಿ. 1983ರ ಫೆಬ್ರುವರಿಯ ನಿವೃತ್ತಿ ಆದೇಶ, ಕರಣಂ ಬರೆದ ಹಳೆಯ ಅಡಂಗಲ್, 1985ರಿಂದ 1994ರೊಳಗಿನ ವಿಭಾಗಪತ್ರ, ಆ ವರ್ಷಗಳ ಲಗ್ನಪತ್ರಿಕೆ ಯಾರ ಟ್ರಂಕಿನಲ್ಲಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಮಕ್ಕಳಿಗೆ ಓದಿ ಹೇಳಿ. ಅವರು ವೇದಿಕೆ ಹತ್ತಿ ಮಾತಾಡುವಾಗ ಆ ಕಾಗದ ಕೈಯಲ್ಲಿರಲಿ.

ಆ ಹುಡುಗಿಯ ಮುಖ್ಯ ಶಿಕ್ಷಕರಿಗೆ ನಾನು ಪತ್ರ ಬರೆದಿದ್ದೇನೆ. ಬಹುಮಾನ ಹಂಚಿಯಾಗಿದೆ, ಅದನ್ನು ಹಿಂದಕ್ಕೆ ತರಲಾಗದು. ಹುಡುಗನೂ ನಿಜವನ್ನೇ ಹೇಳಿದ್ದಾನೆ, ಅದು ಅವನಿಗೇ ಇರಲಿ. ಆಧಾರಕ್ಕೆ ಅವಳಿಗೆ ಹತ್ತಕ್ಕೆ ಎರಡು ಕೊಟ್ಟದ್ದು ನನ್ನ ತಪ್ಪು. ಒಂಬತ್ತು ಕೊಡಬೇಕಿತ್ತು.